ಆರ್‌ಪಿಜಿ ಬಿಡುಗಡೆಗೆ ಮುನ್ನ ಎಷ್ಟು ಹೇಳಬೇಕು, ಎಷ್ಟು ಮುಚ್ಚಿಡಬೇಕು: ಸಣ್ಣ ಸ್ಟುಡಿಯೊಗಳಿಗೊಂದು ಕೈಪಿಡಿ

ತುಮಕೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಸುಗ್ಗಿ ಮುಗಿಯುತ್ತಿದ್ದಂತೆ ಪೌರಾಣಿಕ ನಾಟಕಗಳ ಕರಪತ್ರಗಳು ಹೋಟೆಲಿನ ಗೋಡೆ, ಬಸ್ ನಿಲ್ದಾಣದ ಕಂಬ, ಕ್ಷೌರದಂಗಡಿಯ ಕನ್ನಡಿಯ ಪಕ್ಕ ಹೀಗೆ ಎಲ್ಲೆಂದರಲ್ಲಿ ಕಾಣಿಸಿಕೊಳ್ಳುತ್ತವೆ. ಯಾವ ಪಾತ್ರ ಯಾರದು, ಹಾರ್ಮೋನಿಯಂ ಮೇಷ್ಟ್ರು ಯಾರು, ಸೀನರಿ ಯಾವ ಊರಿನದು, ಎಷ್ಟು ಗಂಟೆಗೆ ಶುರು ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತದೆ. ಕೊನೆಗೆ ದುರ್ಯೋಧನನ ತೊಡೆ ಮುರಿಯುತ್ತದೆ ಎಂಬುದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ, ಯಾರೂ ಬಚ್ಚಿಡುವುದೂ ಇಲ್ಲ. ಅದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಜನ ಬೆಳಗಿನ ಜಾವದವರೆಗೆ ಚಾಪೆ ಹಾಸಿಕೊಂಡು ಕೂರುತ್ತಾರೆ.

ತುಮಕೂರಿನಲ್ಲಿ ನಾವು ನಾಲ್ವರು ಸೇರಿ ಆರ್‌ಪಿಜಿ, ಅಂದರೆ ಆಟಗಾರರೇ ಕಥೆಯ ಪಾತ್ರವಾಗಿ ಆಡುವ ರೋಲ್ ಪ್ಲೇಯಿಂಗ್ ಗೇಮ್ ಒಂದನ್ನು ಕಟ್ಟಲು ಕೂತಾಗ, ಪ್ರಚಾರಕ್ಕೆ ಈ ಕರಪತ್ರವೇ ಮಾದರಿಯಾಗಲಿ ಎಂದು ನಾನು ವಾದಿಸಿದ್ದೆ. ಕಥೆ ಗೊತ್ತಾದರೆ ಆಟ ಕೆಡುತ್ತದೆ ಎಂಬ ಭಯ ಸುಮ್ಮನೆ, ಎಲ್ಲವನ್ನೂ ಹೇಳಿಬಿಡೋಣ ಎಂಬುದು ನನ್ನ ಪಟ್ಟು. ಆ ವಾದ ಅರ್ಧ ಮಾತ್ರ ಸರಿ ಎಂಬುದು ಆಮೇಲೆ ಅರ್ಥವಾಯಿತು. ಚಾಪೆಯ ಮೇಲೆ ಕೂತವರು ಪ್ರೇಕ್ಷಕರು. ಆರ್‌ಪಿಜಿ ಆಡುವವರು ಬಣ್ಣ ಹಚ್ಚಿಕೊಂಡು ರಂಗದ ಮೇಲೆ ನಿಂತವರು, ಅದೂ ಮುಂದಿನ ಮಾತನ್ನು ತಾವೇ ಆರಿಸಿಕೊಳ್ಳಬೇಕಾದ ಪಾತ್ರಧಾರಿಗಳು. ಮಾತಿನ ಫಲ ಮೊದಲೇ ತಿಳಿದುಬಿಟ್ಟರೆ ಅವರಿಗೆ ಆರಿಸಲು ಏನೂ ಉಳಿಯುವುದಿಲ್ಲ.

ಒಂದೇ ಅಳತೆಗೋಲು

ಬಿಡುಗಡೆಗೆ ಮುನ್ನ ಯಾವ ಸಂಗತಿಯನ್ನು ಹೊರಗೆ ಬಿಡುವ ಯೋಚನೆ ಬಂದರೂ ಒಂದು ಪ್ರಶ್ನೆ ಹಾಕಿಕೊಳ್ಳಿ: ದುಡ್ಡು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಲು ಆಟಗಾರರಿಗೆ ಇದು ಬೇಕೆ, ಅಥವಾ ಆಟದೊಳಗೆ ನಿಂತು ಅವರೇ ಕಂಡುಕೊಳ್ಳಬೇಕಾದದ್ದೆ? ಮೊದಲನೆಯದಾದರೆ, ನಿಮಗೆ ಮುಜುಗರ ತರುವಂಥದ್ದಾದರೂ ಹೇಳಿ. ಎರಡನೆಯದಾದರೆ, ಅದು ನಿಮ್ಮ ಆಟದ ಅತ್ಯುತ್ತಮ ದೃಶ್ಯವಾಗಿದ್ದರೂ ಮುಚ್ಚಿಡಿ.

ನಮ್ಮ ಆಟದ್ದೇ ಉದಾಹರಣೆ ಕೊಡುತ್ತೇನೆ. ಅದರಲ್ಲಿ ಆಟಗಾರರ ಪಾತ್ರ ಒಬ್ಬ ನೀರಗಂಟಿಯದು. ಪಾಳೇಗಾರರ ಕಾಲದ ಒಂದು ಕೆರೆ, ಅದರ ಕೆಳಗೆ ಮೂರು ಹಳ್ಳಿಗಳು, ನೀರು ಸಾಲದ ಒಂದು ವರ್ಷ. ತೂಬನ್ನು ಎತ್ತುವುದು, ಇಳಿಸುವುದು ಆಟಗಾರರ ಕೈಯಲ್ಲಿದೆ ಎಂಬುದನ್ನೂ, ಯಾರ ಗದ್ದೆಗೆ ಎಷ್ಟು ನೀರು ಹೋಯಿತೆಂಬ ಲೆಕ್ಕವನ್ನು ಹಳ್ಳಿಯವರು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ ಎಂಬುದನ್ನೂ ನಾವು ಮೊದಲ ದಿನದಿಂದಲೇ ತೋರಿಸಿದೆವು, ಏಕೆಂದರೆ ಅದು ಆಟದ ನಿಯಮ. ಆದರೆ ಕೊನೆಯ ಹಳ್ಳಿಯ ಪೈರು ಒಣಗಿದ ಮೇಲೆ ನಡುರಾತ್ರಿ ಕೆರೆ ಏರಿಯ ಮೇಲೆ ಯಾರು ಬಂದು ನಿಲ್ಲುತ್ತಾರೆ ಎಂಬುದು ನಿಯಮವಲ್ಲ, ಫಲ. ಅದರ ಒಂದು ಚಿತ್ರವನ್ನೂ ಎಲ್ಲೂ ಹಾಕಿಲ್ಲ. ಅದು ನಮ್ಮ ಕಲಾವಿದರು ಬರೆದ ಅತಿ ಚೆಂದದ ದೃಶ್ಯವಾದ್ದರಿಂದ ಈ ತೀರ್ಮಾನಕ್ಕೆ ಒಳಗೇ ಸಾಕಷ್ಟು ಜಗಳವಾಯಿತು.

ಈ ವಿಂಗಡಣೆಯನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಕಿರಾಣಿ ಅಂಗಡಿಯಲ್ಲಿ ಉದ್ದರಿ ಬರೆಯುವಂಥ ಉದ್ದನೆಯ ಪುಸ್ತಕವೊಂದನ್ನು ತಂದು, ಎಡಪುಟದಲ್ಲಿ ನಿಯಮಗಳನ್ನೂ ಬಲಪುಟದಲ್ಲಿ ಫಲಗಳನ್ನೂ ಬರೆಯಿರಿ. ಇನ್ನೂ ಕೆಲಸ ಮಾಡದ ಸಂಗತಿಗಳನ್ನು ಹಿಂದಿನ ಪುಟಗಳಲ್ಲಿ ಬೇರೆಯಾಗಿಡಿ. ಎಡಪುಟದಲ್ಲಿರುವುದನ್ನು ತಂಡದ ಯಾರು ಬೇಕಾದರೂ ಹೇಳಬಹುದು. ಬಲಪುಟದ್ದನ್ನು ಯಾರೂ ಹೇಳಕೂಡದು. ಹಿಂದಿನ ಪುಟಗಳ ವಿಷಯಕ್ಕೆ ಮುಂದೆ ಬರುತ್ತೇನೆ, ಏಕೆಂದರೆ ಹೆಚ್ಚಿನ ಸ್ಟುಡಿಯೊಗಳು ಎಡವುವುದು ಅಲ್ಲಿಯೇ.

ಹೇಳಲೇಬೇಕಾದದ್ದು

ಯುದ್ಧ ಸರದಿಯಂತೆ ನಡೆಯುತ್ತದೆಯೋ ನೇರವಾಗಿಯೋ, ಎಲ್ಲಿ ಬೇಕಾದರೂ ಸೇವ್ ಮಾಡಬಹುದೋ ಇಲ್ಲವೋ, ಮುಖ್ಯ ಕಥೆಗೆ ಸುಮಾರು ಎಷ್ಟು ಗಂಟೆ ಹಿಡಿಯುತ್ತದೆ, ಇಂಟರ್‌ನೆಟ್ ಇಲ್ಲದೆ ಆಡಬಹುದೇ, ಆಟದೊಳಗೆ ಮತ್ತೆ ದುಡ್ಡು ಕೇಳುತ್ತೀರಾ ಎಂಬುದೆಲ್ಲ ಸ್ಟೋರ್ ಪುಟದಲ್ಲಿ ಸ್ಪಷ್ಟವಾಗಿರಬೇಕು. ಭಾಷೆಯ ವಿಷಯದಲ್ಲಿ ನಮ್ಮವರು ವಿಶೇಷ ಎಚ್ಚರ ವಹಿಸಬೇಕು. ‘ಕನ್ನಡದಲ್ಲಿ ಲಭ್ಯ’ ಎಂದು ಬರೆದು, ಒಳಗೆ ಮೆನು ಮಾತ್ರ ಕನ್ನಡದಲ್ಲಿದ್ದು ಸಂಭಾಷಣೆಯೆಲ್ಲ ಇಂಗ್ಲಿಷಿನಲ್ಲಿದ್ದರೆ ಮೊದಲ ದಿನವೇ ಬೈಗುಳ ತಿನ್ನಬೇಕಾಗುತ್ತದೆ, ಮತ್ತು ಅದು ನ್ಯಾಯವಾದ ಬೈಗುಳ. ಚಿತ್ರ, ಧ್ವನಿ, ಬರಹಗಳಲ್ಲಿ ಎಐ ಬಳಸಿದ್ದರೆ ಅದನ್ನು ಹೇಳಬೇಕೆಂದು ಪಿಸಿ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್ 2024ರ ಜನವರಿಯಿಂದಲೇ ನಿಯಮ ಮಾಡಿದೆ.

ಯಂತ್ರದ ವಿಷಯದಲ್ಲಿ ಸುಳ್ಳು ಹೇಳಬಾರದು, ಅಷ್ಟೇ ಅಲ್ಲ, ಸುಮ್ಮನಿರಲೂಬಾರದು. ನಮ್ಮ ಸುತ್ತಿನ ಕಾಲೇಜು ಹುಡುಗರಲ್ಲಿ ಹೆಚ್ಚಿನವರ ಬಳಿ ಇರುವುದು ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ, 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪು. ಅಂಥದ್ದೊಂದರ ಮೇಲೆ ನಿಮ್ಮ ಆಟ ಓಡುವುದನ್ನು ಕತ್ತರಿಸದೆ ಎರಡು ನಿಮಿಷ ಚಿತ್ರೀಕರಿಸಿ ಹಾಕಿ. ತೊದಲಿದರೆ ತೊದಲುವುದೂ ಕಾಣಲಿ. ಲೇರಿಯನ್ ಸ್ಟುಡಿಯೋಸ್ ಬಾಲ್ಡರ್ಸ್ ಗೇಟ್ 3 ಆಟದ ಎಕ್ಸ್‌ಬಾಕ್ಸ್ ಆವೃತ್ತಿ ತಡವಾಗುತ್ತದೆ ಎಂಬುದನ್ನೂ, ಪರದೆಯನ್ನು ಎರಡಾಗಿ ಹಂಚಿಕೊಂಡು ಆಡುವ ಸೌಲಭ್ಯ ಸಣ್ಣ ಎಕ್ಸ್‌ಬಾಕ್ಸಿನಲ್ಲಿ ಸರಿಯಾಗುತ್ತಿಲ್ಲ ಎಂಬ ಕಾರಣವನ್ನೂ ಬಿಡುಗಡೆಗೆ ತಿಂಗಳುಗಳ ಮೊದಲೇ ಹೇಳಿತು. ಪಿಸಿ ಆವೃತ್ತಿ 2023ರ ಆಗಸ್ಟ್ 3ರಂದು ಬಂದರೆ ಎಕ್ಸ್‌ಬಾಕ್ಸಿನದು ಬಂದದ್ದು ಡಿಸೆಂಬರಿನಲ್ಲಿ. ಕಾರಣ ಮೊದಲೇ ತಿಳಿದಿದ್ದರಿಂದ ಆ ತಡ ಯಾರಿಗೂ ಮೋಸವೆನಿಸಲಿಲ್ಲ.

ಜಾಹೀರಾತಿನ ವಾಕ್ಯಗಳನ್ನು ಬರೆಯುವಾಗ ದೊಡ್ಡ ಮಾತಿನಿಂದ ದೂರವಿರಿ. ನಮ್ಮ ಮೊದಲ ಕರಡಿನಲ್ಲಿ ‘ನಿಮ್ಮ ಪ್ರತಿಯೊಂದು ನಿರ್ಧಾರವೂ ಈ ಜಗತ್ತನ್ನು ಬದಲಿಸುತ್ತದೆ’ ಎಂಬ ಸಾಲಿತ್ತು. ಎಲ್ಲ ಆರ್‌ಪಿಜಿಗಳೂ ಇದನ್ನೇ ಹೇಳುತ್ತವೆ, ಯಾವುದೂ ಪೂರ್ತಿ ಉಳಿಸಿಕೊಳ್ಳುವುದಿಲ್ಲ. ಮೂರು ಆಟಗಳುದ್ದಕ್ಕೂ ಮಾಡಿದ ಆಯ್ಕೆಗಳಿಗೆ ಕೊನೆಯಲ್ಲಿ ಬೆಲೆಯಿರುತ್ತದೆಂದು ನಂಬಿದ್ದ ಆಟಗಾರರು 2012ರ ಮಾರ್ಚಿನಲ್ಲಿ ಮಾಸ್ ಎಫೆಕ್ಟ್ 3 ಆಟದ ಮುಕ್ತಾಯ ಕಂಡು ಎಷ್ಟು ಸಿಟ್ಟಾದರೆಂದರೆ, ಬಯೋವೇರ್ ಅದೇ ಜೂನಿನಲ್ಲಿ ಮುಕ್ತಾಯವನ್ನು ವಿಸ್ತರಿಸಿ ಉಚಿತವಾಗಿ ಹಂಚಬೇಕಾಯಿತು. ನಾವು ಆ ಸಾಲನ್ನು ಅಳಿಸಿ ಹೀಗೆ ಬರೆದೆವು: ‘ತೂಬನ್ನು ಯಾವಾಗ ಎತ್ತಿದಿರಿ, ಯಾವಾಗ ಇಳಿಸಿದಿರಿ ಎಂಬುದನ್ನು ಮೂರು ಹಳ್ಳಿಗಳೂ ನೆನಪಿಡುತ್ತವೆ. ನಿಮ್ಮನ್ನು ಮಾತಾಡಿಸುವ ರೀತಿ ಮತ್ತು ಸಂತೆಯಲ್ಲಿ ನಿಮಗೆ ಹೇಳುವ ಬೆಲೆ ಅದರಂತೆ ಬದಲಾಗುತ್ತವೆ.’ ಮಾತು ಚಿಕ್ಕದಾಯಿತು, ಆದರೆ ಇದನ್ನು ಆಡಿ ಪರೀಕ್ಷಿಸಬಹುದು. ನಮ್ಮ ದೇಶದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕೊಡುತ್ತದೆ, ಮತ್ತೆ ಮತ್ತೆ ತಪ್ಪಿದರೆ 50 ಲಕ್ಷದವರೆಗೆ. ಆ ಹೆದರಿಕೆಗೆ ಬರೆಯಬೇಕಾಗಿಲ್ಲ, ನೆನಪಿದ್ದರೆ ಸಾಕು.

ಇನ್ನೂ ಆಗದಿರುವುದು

ಪುಸ್ತಕದ ಹಿಂದಿನ ಪುಟಗಳು ಈಗ. ಇಲ್ಲಿ ನಿಯಮ ಕಟ್ಟುನಿಟ್ಟಾದದ್ದು: ಕೆಲಸ ಮಾಡದ್ದನ್ನು ತೋರಿಸಬೇಡಿ, ಮಾಡುವ ಆಸೆಯಿರುವುದನ್ನು ಹೇಳಬೇಡಿ.

ಫೇಬಲ್ ಆಟದ ಬಗ್ಗೆ ಅದರ ರೂವಾರಿ ಪೀಟರ್ ಮಾಲಿನ್ಯೂ ಬಿಡುಗಡೆಗೆ ಮೊದಲು ಆಡಿದ ಮಾತುಗಳು ಇಂದಿಗೂ ಪಾಠದಂತಿವೆ. ನೆಲದಲ್ಲಿ ಊರಿದ ಬೀಜ ಆಟ ಸಾಗಿದಂತೆ ಮರವಾಗಿ ಬೆಳೆಯುತ್ತದೆಂದು ಅವರು ಹೇಳಿದ್ದರು; 2004ರಲ್ಲಿ ಬಂದ ಆಟದಲ್ಲಿ ಅದಿರಲಿಲ್ಲ, ಅವರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು. ಆಟ ಕೆಟ್ಟದ್ದೇನಲ್ಲ, ಚೆನ್ನಾಗಿಯೇ ಮಾರಾಟವಾಯಿತು. ಆದರೂ ಜನರ ನೆನಪಿನಲ್ಲಿ ಉಳಿದದ್ದು ಬೆಳೆಯದ ಆ ಮರ.

ಸೈಬರ್‌ಪಂಕ್ 2077 ಇದಕ್ಕಿಂತ ದೊಡ್ಡ ಕಥೆ. ಸಿಡಿ ಪ್ರಾಜೆಕ್ಟ್ ರೆಡ್ ಅದನ್ನು 2012ರಲ್ಲೇ ಘೋಷಿಸಿತು. 2018ರ ಆಗಸ್ಟಿನಲ್ಲಿ 48 ನಿಮಿಷಗಳ ಗೇಮ್‌ಪ್ಲೇ ವಿಡಿಯೊ ಹೊರಬಿಟ್ಟು, ಇದು ಇನ್ನೂ ಕೆಲಸ ನಡೆಯುತ್ತಿರುವ ಆಟ, ಬದಲಾಗಬಹುದು ಎಂಬ ಎಚ್ಚರಿಕೆಯನ್ನೂ ಅದರಲ್ಲೇ ಬರೆಯಿತು. ಆ ವಿಡಿಯೊದಲ್ಲಿ ತೋಳಿನ ಬ್ಲೇಡುಗಳಿಂದ ಗೋಡೆಗೆ ಅಂಟಿಕೊಳ್ಳುವ ತಂತ್ರವಿತ್ತು. ಬಿಡುಗಡೆಯಾದ ಆಟದಲ್ಲಿ ಇರಲಿಲ್ಲ. ಎಚ್ಚರಿಕೆ ಬರೆದದ್ದು ಯಾರ ಸಿಟ್ಟನ್ನೂ ತಣಿಸಲಿಲ್ಲ. ಪರದೆಯ ಮೂಲೆಯ ಸಣ್ಣ ಅಕ್ಷರವನ್ನು ಕಣ್ಣು ಓದುತ್ತದೆ. ನೆನಪಿನಲ್ಲಿ ಉಳಿಯುವುದು ಗೋಡೆಗೆ ಅಂಟಿಕೊಂಡ ಮನುಷ್ಯ. ಆದ್ದರಿಂದ ‘ಬದಲಾಗಬಹುದು’ ಎಂಬ ಸಾಲನ್ನು ನಾನು ರಕ್ಷಣೆ ಎಂದು ಒಪ್ಪುವುದಿಲ್ಲ.

ಇಷ್ಟೆಲ್ಲ ಓದಿಕೊಂಡಿದ್ದರೂ ನಾವೂ ಅದೇ ಹಳ್ಳಕ್ಕೆ ಬಿದ್ದೆವು. ಕೆರೆಯ ಮೇಲೆ ಹರಿಗೋಲು ಹಾಕುವ 40 ಸೆಕೆಂಡಿನ ತುಣುಕೊಂದನ್ನು ಒಂದು ರಾತ್ರಿ ಹುಮ್ಮಸ್ಸಿನಲ್ಲಿ ಹಾಕಿಬಿಟ್ಟೆವು. ಹುಟ್ಟು ನೀರಿಗೆ ಬೀಳುವ ಸದ್ದು, ಹರಿಗೋಲು ಮೆಲ್ಲಗೆ ತಿರುಗುವುದು, ನೀರಿನಲ್ಲಿ ಒಡೆದು ಕೂಡಿಕೊಳ್ಳುವ ಬೆಟ್ಟದ ನೆರಳು, ಎಲ್ಲ ಚೆನ್ನಾಗಿತ್ತು. ಅದುವರೆಗಿನ ನಮ್ಮ ಯಾವ ವಿಡಿಯೊಗೂ ಅಷ್ಟು ಮೆಚ್ಚುಗೆ ಬಂದಿರಲಿಲ್ಲ. ಆದರೆ ಆ ನೀರಿನ ಲೆಕ್ಕಾಚಾರ ಸಾಧಾರಣ ಲ್ಯಾಪ್‌ಟಾಪನ್ನು ಏದುಸಿರು ಬಿಡಿಸುತ್ತಿತ್ತು. ಎರಡು ತಿಂಗಳು ಹೆಣಗಾಡಿ ಕೊನೆಗೆ ಕಿತ್ತುಹಾಕಿದೆವು. ಇವತ್ತಿಗೂ ನಾವು ಏನು ಹಾಕಿದರೂ ಅದರ ಕೆಳಗೆ ‘ಹರಿಗೋಲು ಯಾವಾಗ ಸಾರ್?’ ಎಂದು ಯಾರಾದರೊಬ್ಬರು ಕೇಳುತ್ತಾರೆ. ತುಣುಕನ್ನು ಸದ್ದಿಲ್ಲದೆ ಅಳಿಸುವ ಯೋಚನೆ ಬಂದಿತ್ತು. ಹಾಗೆ ಮಾಡದೆ, ಏಕೆ ತೆಗೆದೆವು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದು ಅದೇ ತುಣುಕಿನ ತಲೆಯ ಮೇಲೆ ಅಂಟಿಸಿದೆವು. ನಿಮಗೂ ಹೀಗಾದರೆ, ತೆಗೆದುಹಾಕಿದ ವಾರದಲ್ಲೇ ಹೇಳಿ. ಬಿಡುಗಡೆಯ ದಿನ ಆಟಗಾರರೇ ಹುಡುಕಿಕೊಂಡು ಕಂಡುಹಿಡಿಯುವಂತೆ ಆಗಬಾರದು.

ಇದಾದ ಮೇಲೆ ನಾವು ಮಾಡಿಕೊಂಡ ಕಟ್ಟಳೆ ಇಷ್ಟು: ಯಾವ ಸೌಲಭ್ಯವನ್ನೇ ಆಗಲಿ, ತಂಡದ ಹೊರಗಿನ ಮೂವರು ತಮ್ಮ ತಮ್ಮ ಯಂತ್ರಗಳಲ್ಲಿ ನಮ್ಮ ಸಹಾಯವಿಲ್ಲದೆ ಆಡಿ ಮುಗಿಸುವವರೆಗೆ ಅದು ಹಿಂದಿನ ಪುಟದಿಂದ ಎಡಪುಟಕ್ಕೆ ಬರುವಂತಿಲ್ಲ.

ಮುಚ್ಚಿಡುವ ಕೆಲಸ

ಫಲಗಳನ್ನು ಹೇಳುವುದಿಲ್ಲ ಎಂದು ಬಾಯಿ ಕಟ್ಟಿಕೊಂಡರೆ ಸಾಲದು, ಅವು ಸೋರುವ ಕಿಂಡಿಗಳು ಬೇರೆಯೇ ಇವೆ. ಮೊದಲನೆಯದು ಸ್ಟೀಮಿನ ಅಚೀವ್‌ಮೆಂಟ್ ಪಟ್ಟಿ, ಅಂದರೆ ಆಟದಲ್ಲಿ ಇಂಥದ್ದು ಸಾಧಿಸಿದಿರಿ ಎಂದು ಸಿಗುವ ಬಿರುದುಗಳ ಪಟ್ಟಿ: ‘ಗೌಡರ ವಂಚನೆಯನ್ನು ಬಯಲಿಗೆಳೆದಿರಿ’ ಎಂಬ ಹೆಸರೇ ಕಥೆ ಹೇಳಿಬಿಡುತ್ತದೆ, ಆದ್ದರಿಂದ ಕಥೆಗೆ ಸಂಬಂಧಿಸಿದವುಗಳನ್ನು ಗುಪ್ತ ಎಂದು ಗುರುತು ಮಾಡಿ. ಎರಡನೆಯದು ಡೆಮೊದ, ಅಂದರೆ ಕೊಳ್ಳುವ ಮೊದಲು ಆಡಿ ನೋಡಲು ಕೊಡುವ ಆಟದ ತುಂಡಿನ ಕಡತಗಳು. ಅವುಗಳಲ್ಲಿ ಮುಂದಿನ ಅಧ್ಯಾಯಗಳ ಸಂಭಾಷಣೆ ಉಳಿದುಹೋದರೆ ಅಗೆದು ತೆಗೆಯುವವರು ಅದೇ ರಾತ್ರಿ ತೆಗೆಯುತ್ತಾರೆ. ಪೂರ್ತಿ ಆಟದ ಮುಂದಿನ ಭಾಗಕ್ಕೆ ಬೀಗ ಹಾಕಿ ಅದನ್ನೇ ಡೆಮೊ ಎಂದು ಕೊಡಬೇಡಿ, ಬೇಕಾದ ಕಡತಗಳನ್ನಷ್ಟೇ ಸೇರಿಸಿ ಡೆಮೊವನ್ನು ಬೇರೆಯಾಗಿ ಕಟ್ಟಿ.

ಟ್ರೇಲರಿಗೆ ಕಥೆಯ ಮೊದಲ ಕಾಲುಭಾಗದ ದೃಶ್ಯಗಳು ಸಾಕು. ಜೊತೆಗಾರ ಪಾತ್ರಗಳ ಮುಖ, ದನಿ, ಸ್ವಭಾವ ತೋರಿಸಿ. ಅವರಲ್ಲಿ ಯಾರು ಕೊನೆಯವರೆಗೆ ಉಳಿಯುತ್ತಾರೆ ಎಂಬ ಸುಳಿವು ಬೇಡ. ಒಂದೇ ತೀರ್ಮಾನದ ಎರಡು ಫಲಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಚಾಳಿಯಂತೂ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಆಟದಲ್ಲಿ ಕವಲುಗಳಿವೆ ಎಂದು ಸಾಬೀತು ಮಾಡುವ ಆತುರದಲ್ಲಿ ಆ ಕವಲಿನ ಸೊಗಸನ್ನೇ ಕೊಂದುಹಾಕುವ ಕೆಲಸವದು.

ಯಾವಾಗ ಬಾಯಿ ಬಿಡಬೇಕು

ಬೆಥೆಸ್ಡಾ ಫಾಲ್‌ಔಟ್ 4 ಆಟವನ್ನು 2015ರ ಜೂನಿನಲ್ಲಿ ಘೋಷಿಸಿ ಅದೇ ವರ್ಷದ ನವೆಂಬರ್ 10ರಂದು ಬಿಡುಗಡೆ ಮಾಡಿತು. ಅದೇ ಬೆಥೆಸ್ಡಾ 2018ರ ಜೂನಿನಲ್ಲಿ ಬೆಟ್ಟಗುಡ್ಡಗಳ ನೋಟ ಮತ್ತು ಹೆಸರಿನ ಹೊರತು ಮತ್ತೇನೂ ಇಲ್ಲದ ಪುಟ್ಟ ಟೀಸರಿನೊಂದಿಗೆ ದಿ ಎಲ್ಡರ್ ಸ್ಕ್ರೋಲ್ಸ್ 6 ಆಟವನ್ನು ಘೋಷಿಸಿತು. ಏಳು ವರ್ಷ ಕಳೆದರೂ ಆಟ ಬರಲಿಲ್ಲ. ದೊಡ್ಡವರಿಗೆ ಐದು ತಿಂಗಳು ಧಾರಾಳ. ನಮ್ಮಂಥವರ ಹೆಸರು ಯಾರಿಗೂ ಗೊತ್ತಿಲ್ಲದ್ದರಿಂದ ಅದು ಸಾಲುವುದಿಲ್ಲ. ಬಿಡುಗಡೆಗೆ ಕನಿಷ್ಠ ಎರಡು ವಾರ ಮೊದಲು ‘ಶೀಘ್ರದಲ್ಲೇ’ ಪುಟ ಇರಬೇಕೆಂಬುದು ಸ್ಟೀಮಿನ ನಿಯಮ, ಆದರೆ ಆಟವನ್ನು ವಿಶ್‌ಲಿಸ್ಟಿಗೆ, ಅಂದರೆ ಮುಂದೆ ಕೊಳ್ಳಬೇಕೆಂದಿರುವ ಆಟಗಳ ತಮ್ಮ ಪಟ್ಟಿಗೆ, ಸೇರಿಸಿಕೊಂಡವರಿಗೆ ಬಿಡುಗಡೆಯ ದಿನ ಸೂಚನೆ ಹೋಗುವುದರಿಂದ, ಎರಡೇ ವಾರದಲ್ಲಿ ಆ ಪಟ್ಟಿ ಬೆಳೆಯುವುದೆಂದು ನಂಬಿ ಕೂರಬಾರದು. ಆಟದ ನೋಟ ಇನ್ನು ಬದಲಾಗುವುದಿಲ್ಲ ಎಂಬ ಹಂತಕ್ಕೆ ಬಂದ ದಿನ ಪುಟ ತೆರೆಯಿರಿ. ಅದಕ್ಕಿಂತ ಮೊದಲು ತೆರೆದರೆ ಹಳೆಯ ಚಿತ್ರಗಳೇ ನಿಮ್ಮ ಮೇಲೆ ಸಾಕ್ಷಿ ಹೇಳುತ್ತವೆ.

ದಿನಾಂಕವನ್ನು ಮಾತ್ರ ಕೊನೆಗೆ ಹೇಳಿ. ಸೈಬರ್‌ಪಂಕ್ 2020ರ ಏಪ್ರಿಲ್ 16 ಎಂದು ಹೇಳಿ ಸೆಪ್ಟೆಂಬರಿಗೆ, ಅಲ್ಲಿಂದ ನವೆಂಬರಿಗೆ, ಅಲ್ಲಿಂದ ಡಿಸೆಂಬರ್ 10ಕ್ಕೆ ಹೋಯಿತು. ಮೊದಲಿನಿಂದ ಕೊನೆಯವರೆಗೆ ತಡೆಯಿಲ್ಲದೆ ಆಡಿ ಮುಗಿಸಬಹುದಾದ ಪ್ರತಿ ಕೈಯಲ್ಲಿರದೆ ದಿನಾಂಕ ಹೇಳಬೇಡಿ. ಅಲ್ಲಿಯವರೆಗೆ ‘ಮಳೆಗಾಲ ಮುಗಿದ ಮೇಲೆ’ ಎಂದರೂ ಯಾರೂ ಜಗಳಕ್ಕೆ ಬರುವುದಿಲ್ಲ. ನಡುವೆ ಮಾತು ನಿಂತರೆ ಜನ ಮರೆತುಬಿಡುತ್ತಾರೆಂಬ ಹೆದರಿಕೆ ಸಹಜ. ಎಲ್ಡನ್ ರಿಂಗ್ 2019ರ ಜೂನಿನಲ್ಲಿ ಘೋಷಣೆಯಾಗಿ ಸುಮಾರು ಎರಡು ವರ್ಷ ಹೆಚ್ಚುಕಡಿಮೆ ಮೌನವಾಗಿತ್ತು, 2022ರ ಫೆಬ್ರುವರಿ 25ರಂದು ಬಂದಾಗ ಯಾರೂ ಮರೆತಿರಲಿಲ್ಲ. ಅದನ್ನು ಮಾಡಿದ ಸ್ಟುಡಿಯೊಗಿರುವಷ್ಟು ಹೆಸರು ನಮಗಿಲ್ಲ ಎಂಬುದು ನಿಜ, ಆದ್ದರಿಂದ ತಿಂಗಳಿಗೊಮ್ಮೆ ಎಡಪುಟದ ಒಂದೊಂದು ನಿಯಮವನ್ನು ಬಿಡಿಸಿ ಹೇಳುತ್ತಿರಿ.

ಡೆಮೊವನ್ನು ಎಲ್ಲಿ ಕತ್ತರಿಸಬೇಕು

ನನ್ನ ಮಟ್ಟಿಗೆ ಹತ್ತು ಟ್ರೇಲರಿಗಿಂತ ಒಂದು ಡೆಮೊ ಮೇಲು, ಏಕೆಂದರೆ ಅದು ಸುಳ್ಳು ಹೇಳಲಾರದು. ಬಾಲ್ಡರ್ಸ್ ಗೇಟ್ 3 ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡಿತು: 2020ರ ಅಕ್ಟೋಬರಿನಿಂದ ಸುಮಾರು ಮೂರು ವರ್ಷ ಮೊದಲ ಅಂಕವನ್ನಷ್ಟೇ ಅರ್ಲಿ ಆಕ್ಸೆಸ್‌ನಲ್ಲಿ, ಅಂದರೆ ಆಟ ಪೂರ್ತಿಯಾಗುವ ಮೊದಲೇ, ಮಾರಿ, ನಿಯಮಗಳನ್ನೆಲ್ಲ ಬಯಲಲ್ಲಿ ತಿದ್ದಿಕೊಂಡು, ಉಳಿದ ಎರಡು ಅಂಕಗಳನ್ನು ಮುಚ್ಚಿಟ್ಟಿತು. ಆಗ ಪಾತ್ರಗಳು ಮೊದಲಿಗೆ 4ನೇ ಹಂತದವರೆಗೆ ಮಾತ್ರ ಬೆಳೆಯುತ್ತಿದ್ದವು, ಪೂರ್ತಿ ಆಟದಲ್ಲಿ 12ರವರೆಗೆ. ಮೊದಲ ಅಂಕವನ್ನೇ ಬೇರೆ ಬೇರೆ ಪಾತ್ರಗಳಾಗಿ ಹತ್ತು ಸಲ ಆಡುವಷ್ಟು ಸರಕು ನಿಮ್ಮಲ್ಲಿದ್ದರೆ ಈ ದಾರಿ ಹಿಡಿಯಿರಿ; ಇಲ್ಲದಿದ್ದರೆ ಡೆಮೊ ಸಾಕು.

ಬರಲಿರುವ ಆಟಗಳ ಡೆಮೊಗಳ ಹಬ್ಬವಾದ ಸ್ಟೀಮ್ ನೆಕ್ಸ್ಟ್ ಫೆಸ್ಟ್ ವರ್ಷಕ್ಕೆ ಮೂರು ಬಾರಿ ನಡೆಯುತ್ತದೆ, ಒಂದು ಆಟ ಅದರಲ್ಲಿ ಒಮ್ಮೆ ಮಾತ್ರ ಭಾಗವಹಿಸಬಹುದು. ಹಾಗಾಗಿ ಆ ಅವಕಾಶವನ್ನು ಅರೆಬೆಂದ ಡೆಮೊಗೆ ಖರ್ಚು ಮಾಡಬೇಡಿ. ಉದ್ದದ ಲೆಕ್ಕಕ್ಕೆ ಇನ್ನೊಂದು ನಿಯಮ ದಾರಿ ತೋರಿಸುತ್ತದೆ: ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ಹಿಂದಿರುಗಿಸುತ್ತದೆ. ನಿಧಾನವಾಗಿ ಬಿಸಿಯಾಗುವ ಆರ್‌ಪಿಜಿಗಳಿಗೆ ಇದು ಕತ್ತಿಯಂತೆ ತೂಗುವ ಗಡುವು. ಮೊದಲ ಎರಡು ಗಂಟೆಯಲ್ಲಿ ಏನು ಸಿಗುತ್ತದೆಂಬುದು ಡೆಮೊದಲ್ಲೇ ತಿಳಿದಿದ್ದರೆ, ನಂಬಿ ಕೊಂಡವರು ನಡುವೆ ಎದ್ದು ಹೋಗುವುದು ಕಡಿಮೆಯಾಗುತ್ತದೆ.

ಕತ್ತರಿಸಬೇಕಾದ ಜಾಗ ಮೊದಲ ತೀರ್ಮಾನದ ನಂತರ, ಅದರ ಫಲದ ಮೊದಲು. ನಮ್ಮ ಡೆಮೊದಲ್ಲಿ ಬೆಳಗಿನ ಜಾವ ಎರಡು ಹಳ್ಳಿಗಳ ಹಿರಿಯರು ತೂಬಿನ ಬಳಿ ಬಂದು ನಿಲ್ಲುತ್ತಾರೆ. ‘ನಮ್ಮ ಪೈರು ಕಣ್ಣೆದುರಿಗೇ ಒಣಗ್ತಾ ಐತಪ್ಪ’ ಎಂದು ಒಬ್ಬರು, ‘ಮೊನ್ನೆ ತಾನೆ ನಿಮಗೆ ಬಿಟ್ಟಿದ್ರಲ್ಲ’ ಎಂದು ಇನ್ನೊಬ್ಬರು. ಆಟಗಾರರು ತೂಬಿನ ಮರದ ಹಿಡಿಯನ್ನು ಎತ್ತಬೇಕು ಅಥವಾ ಬಿಡಬೇಕು. ಕೈ ಕದಲಿದ ಕೂಡಲೇ ನೀರಿನ ಸದ್ದು, ಇಲ್ಲವೇ ಸದ್ದಿಲ್ಲದಿರುವುದು, ಅಲ್ಲಿಗೆ ಪರದೆ ಕಪ್ಪಾಗುತ್ತದೆ. ಆ ತೀರ್ಮಾನವನ್ನು ಸೇವ್ ಕಡತದಲ್ಲಿ ಉಳಿಸಿ, ಪೂರ್ತಿ ಆಟ ಅದನ್ನು ಅಲ್ಲಿಂದಲೇ ಎತ್ತಿಕೊಳ್ಳುವಂತೆ ಮಾಡಿದ್ದೇವೆ; ಇದು ಎರಡು ದಿನದ ಕೆಲಸವಷ್ಟೇ.

ಕೊನೆಯ ವಾರ

ವಿಮರ್ಶಕರಿಗೂ ಯೂಟ್ಯೂಬಿನವರಿಗೂ ನೀವು ಮಾರುವ ಎಲ್ಲ ಆವೃತ್ತಿಗಳನ್ನೂ ಒಟ್ಟಿಗೇ ಕೊಡಿ. ಸೈಬರ್‌ಪಂಕ್ ಬಿಡುಗಡೆಗೆ ಮುನ್ನ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ, ತಾವು ಆಡಿ ಚಿತ್ರೀಕರಿಸಿದ ವಿಡಿಯೊಗಳನ್ನು ತೋರಿಸಲೂ ಅವರಿಗೆ ಅನುಮತಿಯಿರಲಿಲ್ಲ. ಹಳೆಯ ಕನ್ಸೋಲುಗಳಲ್ಲಿ ಆಟ ಸರಿಯಾಗಿ ಓಡುವುದಿಲ್ಲ ಎಂಬುದು ದುಡ್ಡು ಕೊಟ್ಟವರಿಗೇ ಮೊದಲು ತಿಳಿಯಿತು. ಸುಮಾರು ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಪ್ಲೇಸ್ಟೇಷನ್ ಅಂಗಡಿಯಿಂದ ತೆಗೆಯಿತು, ಮರಳಿ ಇಟ್ಟದ್ದು 2021ರ ಜೂನಿನಲ್ಲಿ. ಇಷ್ಟು ಆದ ಮೇಲೂ ಆ ಕಂಪನಿ ಉಳಿಯಿತು. ನಮ್ಮ ಗಾತ್ರದವರು ಉಳಿಯುವುದಿಲ್ಲ.

ಪ್ರತಿಯ ಜೊತೆ ಒಂದೇ ಪುಟದ ವಿನಂತಿ ಪತ್ರವಿರಲಿ: ಇಂಥ ಎರಡು ದೃಶ್ಯಗಳನ್ನು ದಯವಿಟ್ಟು ತೋರಿಸಬೇಡಿ, ಉಳಿದದ್ದೆಲ್ಲ ನಿಮ್ಮ ಇಷ್ಟ. ಪಟ್ಟಿ ಉದ್ದವಾದಷ್ಟೂ ಪಾಲನೆ ಕಡಿಮೆ. 2017ರಲ್ಲಿ ಅಟ್ಲಸ್ ಪರ್ಸೋನಾ 5 ಆಟಕ್ಕೆ, ಕಥೆಯ ಒಂದು ದಿನಾಂಕದಾಚೆ ಯಾರೂ ಸ್ಟ್ರೀಮ್ ಮಾಡಬಾರದೆಂದು ಎಚ್ಚರಿಸಿ, ಆಟಗಾರರು ತಿರುಗಿಬಿದ್ದ ಮೇಲೆ ಆ ಗಡಿಯನ್ನು ಸಡಿಲಿಸಬೇಕಾಯಿತು. ಬೆದರಿಕೆಯ ದನಿ ಬೇಡ. ಮಿತ್ರರಿಗೆ ಬರೆದಂತೆ ಬರೆಯಿರಿ. ಮುಚ್ಚಿಟ್ಟ ದೃಶ್ಯ ಅಷ್ಟಾದರೂ ಸೋರಿದರೆ ಅದರ ಬಗ್ಗೆ ನೀವಾಗಿ ಒಂದು ಮಾತನ್ನೂ ಆಡಬೇಡಿ. ನಿಜವೆಂದೂ ಸುಳ್ಳೆಂದೂ ಹೇಳದೆ, ನಿಮ್ಮ ಹಿಡಿತದಲ್ಲಿರುವ ಜಾಗಗಳಲ್ಲಿ ಅದಕ್ಕೆ ಸ್ಪಾಯ್ಲರ್ ಮುಸುಕು ಹಾಕಿ, ಅಂದರೆ ಬೇಕೆಂದು ಒತ್ತಿದವರಿಗೆ ಮಾತ್ರ ಕಾಣುವಂತೆ ಮಾಡಿ. ನಮ್ಮ ಡೆಮೊ ಆಡಿದ ಒಬ್ಬರು ಮೊನ್ನೆ ‘ತೂಬು ಎತ್ತಿದ್ದು ತಪ್ಪಾಯಿತೇ?’ ಎಂದು ಕೇಳಿ ಬರೆದಿದ್ದರು. ಆ ವರ್ಷ ಮಳೆ ಯಾವಾಗ ಬರುತ್ತದೆಂದು ನಮ್ಮ ನೀರಗಂಟಿಗೂ ಗೊತ್ತಿರಲಿಲ್ಲ ಎಂದಷ್ಟೇ ಉತ್ತರಿಸಿದೆವು.